ಮೇಷ್ಟ್ರ ನಾಲ್ಕನೆಯ ಡಬ್ಬ

ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ ವನಜಮ್ಮ ಮಹಿಳಾ ಸಂಘದ ಸಭೆ ಮುಗಿಸಿ ಮನೆಗೆ ಬಂದರು. ಮುಂಬಾಗಿಲು ಹಾರುಹೊಡೆದಿತ್ತು. ಓದುವ ಕೋಣೆಯ ಮೇಜಿನ ಮೇಲೆ ಎರಡು ಕಾಫಿ ಲೋಟಗಳಿದ್ದವು. ಒಂದು ಖಾಲಿ. ಇನ್ನೊಂದರಲ್ಲಿ ಕೆನೆ ಕಟ್ಟಿತ್ತು. ಮೇಜಿನ ಕೆಳಗೆ ಗಂಡ ಸಣ್ಣಸ್ವಾಮಿ ಮೇಷ್ಟ್ರು ಬೋರಲು ಬಿದ್ದಿದ್ದರು. ತಲೆಯ ಹಿಂಬದಿ ರಕ್ತವಾಗಿತ್ತು. ಪಕ್ಕದಲ್ಲಿ ಹಳೆಯ ಮಂಗಳೂರು ಹಂಚೊಂದು ಎರಡು ತುಂಡಾಗಿತ್ತು.

ವನಜಮ್ಮನ ಕೂಗು ಬೀದಿಯ ಕೊನೆಯವರೆಗೂ ಕೇಳಿಸಿತು.

ಸಬ್‌ ಇನ್ಸ್‌ಪೆಕ್ಟರ್ ವಿನುತಾ ಬರುವ ಹೊತ್ತಿಗೆ ಆಂಬುಲೆನ್ಸ್ ಮಡಿಕೇರಿ ದಾರಿ ಹಿಡಿದಿತ್ತು. ಉಸಿರಿತ್ತು, ಎಚ್ಚರವಿರಲಿಲ್ಲ ಎಂದರು ಪಕ್ಕದ ಮನೆಯವರು. ಬಂದು ಹೋದವರನ್ನು ಯಾರೂ ನೋಡಿರಲಿಲ್ಲ. ಕುಶಾಲನಗರದ ಈ ಬಡಾವಣೆಯಲ್ಲಿ ಭಾನುವಾರ ಎಲ್ಲರೂ ಸಂತೆ ಕಡೆಗೋ ಟೀವಿ ಮುಂದೆಯೋ ಇರುತ್ತಾರೆ.

“ಕಳ್ಳತನ ಅಲ್ಲ ಮೇಡಂ,” ಎಂದ ಹೆಡ್ ಕಾನ್‌ಸ್ಟೆಬಲ್ ಜವರಯ್ಯ. “ಬೀರು ಮುಟ್ಟಿಲ್ಲ. ಒಡವೆ ಎಲ್ಲ ಹಂಗೇ ಅವೆ.”

“ಹಾಗಾದರೆ ಏನು ಬೇಕಿತ್ತು ಅವನಿಗೆ?”

ಜವರಯ್ಯ ಗೋಡೆಯ ಕಪಾಟಿನ ಕಡೆ ಕೈ ತೋರಿಸಿದ.

ಮೇಲಿನ ಹಲಗೆಯಲ್ಲಿ ತಗಡಿನ ಬಿಸ್ಕತ್ ಡಬ್ಬಗಳನ್ನು ಸಾಲಾಗಿ ಜೋಡಿಸಿತ್ತು. ಮೂರು ಡಬ್ಬ. ನಾಲ್ಕನೆಯದರ ಜಾಗ ಖಾಲಿ, ಅಲ್ಲಿ ಮಾತ್ರ ದೂಳಿಲ್ಲ. ಪ್ರತಿ ಡಬ್ಬದ ಮೇಲೂ ಬಿಳಿ ಬಣ್ಣದಲ್ಲಿ ಒಂದೇ ಅಕ್ಷರ ಬರೆದಿತ್ತು. ಕು. ಕೊ. ಮೈ.

ವಿನುತಾ ಡಬ್ಬಗಳನ್ನು ತೆರೆದಳು. ಎಲ್ಲದರಲ್ಲೂ ಕಾಗದ. ಹಡಗು, ಅಕ್ಕಿ, ಕುದುರೆ ವ್ಯಾಪಾರ, ಪೋರ್ಚುಗೀಸರ ಕೋಟೆ, ಗೋವಾ ಬಿಟ್ಟು ಬಂದವರು, ಹೈದರಾಲಿಯ ನೌಕೆಗಳು, ಹಂಚಿನ ಕಾರ್ಖಾನೆ. ಎರಡು ಪುಟ ಓದುವಷ್ಟರಲ್ಲಿ ಅವಳಿಗೆ ತಲೆ ತಿರುಗಿತು. ಹೈಸ್ಕೂಲಿನಲ್ಲಿ ಅವಳು ಚರಿತ್ರೆಯಲ್ಲಿ ಪಾಸಾದದ್ದು ಮೂರು ಕೃಪಾಂಕದ ದಯೆಯಿಂದ. ನೋಟ್‌ಬುಕ್ ತೆಗೆದು ಬರೆದುಕೊಂಡಳು: ಕು ಎಂದರೆ ಕುಶಾಲನಗರ. ಕೊ ಎಂದರೆ ಕೊಡಗು. ಮೈ ಎಂದರೆ ಮೈಸೂರು. ಹೋದ ಡಬ್ಬ? ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದಳು.

“ಯಾರೋ ಪರಿಚಯದವರೇ ಜವರಯ್ಯ. ಮೇಷ್ಟ್ರು ತಾವೇ ಕಾಫಿ ಮಾಡಿ ಕೊಟ್ಟಿದ್ದಾರೆ.”

“ಕಾಫಿ ಕುಡ್ದು ತಲೆ ಒಡೆಯೋನು ಎಂಥ ಪರಿಚಯದವನು ಮೇಡಂ?”

* * *

ಸಂಜೆ ಮಡಿಕೇರಿಯ ಆಸ್ಪತ್ರೆಯಲ್ಲಿ ಮೇಷ್ಟ್ರಿಗೆ ಎಚ್ಚರವಾಯಿತು. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಮಾತಿನ ಜಾಗಕ್ಕೆ ಪೆಟ್ಟಾಗಿದೆ ಎಂದರು ಡಾಕ್ಟರು. ಬೇಕಾದ ಶಬ್ದ ಸಿಗುವುದಿಲ್ಲ, ಸಿಕ್ಕಿದ್ದು ಬಿಡುವುದಿಲ್ಲ.

ಅದು ನಿಜವಾಗಿತ್ತು. ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಡತಿಯ ಕೈ ಹಿಡಿದುಕೊಂಡು ಅವರು ಹೆಸರಿಗಾಗಿ ತಡಕಾಡಿದರು. ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ವನಜಮ್ಮ ಮುಖ ಆಚೆ ತಿರುಗಿಸಿದರು.

ವಿನುತಾ ಬಗ್ಗಿದಳು. “ಮೇಷ್ಟ್ರೇ, ಯಾರು ಹೊಡೆದದ್ದು?”

ಅವರು ಅವಳ ಮುಖವನ್ನೇ ದಿಟ್ಟಿಸಿದರು. “ಮೈಕಾಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಕೊಡಿ. ಮೈಕಾಲ… ಕೊಡಿ.”

“ಮೈಕಲ್? ಮೈಕಲ್ ಅಂತಾನಾ?”

“ಕೊಡಿ,” ಎಂದರು ಮೇಷ್ಟ್ರು. ಕಣ್ಣು ಮುಚ್ಚಿದರು.

ವನಜಮ್ಮನಿಗೆ ಡಬ್ಬಗಳ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. “ನಾಲ್ಕಿದ್ವು ಕಣಮ್ಮ. ಅಷ್ಟೇ ಗೊತ್ತು. ಒರ್ಸಕ್ಕೂ ಬಿಡೋರಲ್ಲ. ಮಂಗ್ಳೂರಲ್ಲಿ ಇಪ್ಪತ್ತು ವರ್ಷ ಮೇಷ್ಟ್ರಾಗಿದ್ರಲ್ಲ, ಅಲ್ಲಿಂದ ತಂದ ಹುಚ್ಚು ಇದು. ಆ ಬಂದರಿನ ಮೇಲೆ ಪುಸ್ತಕ ಬರೀತೀನಿ ಅಂತ ಕೂತವ್ರೆ.”

“ಮೈಕಲ್ ಅಂತ ಯಾರಾದರೂ?”

“ಒಬ್ರವ್ರೆ. ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್. ಶುಕ್ರವಾರ ಫೋನಲ್ಲಿ ಇವ್ರ ಮೇಲೆ ಕೂಗಾಡಿದ್ರು.”

ಮೇಷ್ಟ್ರ ಮೊಬೈಲಿನಲ್ಲಿ ಮೂರು ದಿನಗಳಿಂದ ಇದ್ದದ್ದು ಮೂರೇ ಜನರ ಕರೆ. ಮೈಕಲ್ ಲೋಬೊ. ಸಂತೆಬೀದಿಯಲ್ಲಿ ಒಣಮೀನು ಅಂಗಡಿಯ ಹಸನಬ್ಬ. ಸಂಪಾಜೆಯ ಕಾಫಿ ಬೆಳೆಗಾರ ಕುಶಾಲಪ್ಪ. ಮೊದಲನೆಯ ಹೆಸರಿಗೆ ವಿನುತಾ ದಪ್ಪನೆಯ ಗೆರೆ ಎಳೆದಳು.

* * *

ಮೈಕಲ್ ಲೋಬೊ ಠಾಣೆಯ ಬೆಂಚಿನ ತುದಿಗೆ ಕುಳಿತಿದ್ದ. ಐವತ್ತರ ಸಣಕಲು ಆಸಾಮಿ. ಸೋಮವಾರ ಬೆಳಗ್ಗೆ ಲೈನ್‌ಮನೆಗಳ ಮುಂದೆ ಆಳುಗಳ ಹಾಜರಿ ತೆಗೆದುಕೊಳ್ಳುತ್ತಿದ್ದವನನ್ನು ಜವರಯ್ಯ ಜೀಪು ಹತ್ತಿಸಿ ತಂದಿದ್ದ.

“ಯಾಕೆ ಕೂಗಾಡಿದಿರಿ?”

“ನಮ್ಮ ಅಜ್ಜಿಯ ಪ್ರಾರ್ಥನೆ ಪುಸ್ತಕ ಮೇಡಂ. ಕೊಂಕಣಿಯದ್ದು. ನೋಡಿ ಕೊಡ್ತೇನೆ ಅಂತ ತಗೊಂಡು ಹೋಗಿ ಎಂಟು ತಿಂಗಳಾಯ್ತು. ಮಗಳ ಮದುವೆಗೆ ಅದು ಬೇಕಿತ್ತು. ಸಿಟ್ಟು ಬಂತು, ಎರಡು ಮಾತು ಹೆಚ್ಚು ಆಡಿದೆ.”

ಕೊಡಿ. ಮೈಕಲ್‌ಗೆ ಕೊಡಿ. ಮೇಷ್ಟ್ರ ಮಾತಿಗೆ ಅರ್ಥ ಸಿಕ್ಕಿತು ಎಂದುಕೊಂಡಳು ವಿನುತಾ.

“ಭಾನುವಾರ ಹತ್ತರಿಂದ ಹನ್ನೊಂದೂವರೆ. ಎಲ್ಲಿದ್ದಿರಿ?”

“ಇಗರ್ಜಿಯಲ್ಲಿ. ಪೂಜೆ ಆದ ಮೇಲೆ ಮದುವೆ ವಿಷಯ ಮಾತಾಡ್ಲಿಕ್ಕೆ ಫಾದರ್ ಹತ್ರ ಕೂತಿದ್ದೆ. ಕೇಳಿ ಬೇಕಾದ್ರೆ.”

ಕೇಳಿದರು. ಫಾದರ್ ಹೌದೆಂದರು. ಇಗರ್ಜಿಯಲ್ಲಿದ್ದ ಇನ್ನೂ ಹತ್ತು ಜನ ಹೌದೆಂದರು. ಪ್ರಾರ್ಥನೆ ಪುಸ್ತಕವೂ ‘ಕೊ’ ಡಬ್ಬದಲ್ಲಿ ಭದ್ರವಾಗಿ ಸಿಕ್ಕಿತು.

ಕೊಡಗಿನ ಡಬ್ಬದಲ್ಲಿ ಕೊಂಕಣಿ ಪುಸ್ತಕ ಯಾಕೆ? ವಿನುತಾಗೆ ಇನ್ನಷ್ಟು ಗೋಜಲಾಯಿತು. ಮೈಕಲ್‌ನ ಕ್ಷಮೆ ಕೇಳಿ ಕಳಿಸಿದಳು. ಹೊಡೆಯದವನ ಹೆಸರನ್ನು ಹೊಡೆಸಿಕೊಂಡವರು ಯಾಕೆ ಹೇಳಿದರು?

“ಮೆದುಳಿಗೆ ಏಟು ಬಿದ್ದದ್ದಲ್ವಾ ಮೇಡಂ,” ಎಂದ ಜವರಯ್ಯ. “ಏನೋ ಒಂದು ಹೇಳ್ತಾರೆ.”

ಅದೂ ಇರಬಹುದು. ಆದರೆ ಅವರ ಕಣ್ಣುಗಳಲ್ಲಿ ಗಲಿಬಿಲಿ ಇರಲಿಲ್ಲ. ಗಲಿಬಿಲಿ ಇದ್ದದ್ದು ತನ್ನ ತಲೆಯಲ್ಲೇ.

* * *

ಮಧ್ಯಾಹ್ನ ಅವಳು ಮತ್ತೆ ಆಸ್ಪತ್ರೆಗೆ ಹೋದಾಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬ ಹಿರಿಯರು ಕುಳಿತಿದ್ದರು. ಬಿಳಿ ಅಂಗಿ, ಕೈಯಲ್ಲಿ ಕಿತ್ತಳೆಯ ಚೀಲ. ಎದ್ದು ನಿಂತು ಕೈ ಮುಗಿದರು.

“ಕುಶಾಲಪ್ಪ, ಸಂಪಾಜೆ. ಸುದ್ದಿ ಕೇಳಿ ಬಂದೆ ಮೇಡಂ. ದೇವರಂಥ ಮನುಷ್ಯ. ಹೀಗೆ ಮಾಡ್ಲಿಕ್ಕೆ ಯಾರಿಗೆ ಮನಸ್ಸು ಬಂತೋ.”

ಶನಿವಾರದ ಕರೆಯ ಬಗ್ಗೆ ಅವಳು ಕೇಳುವ ಮೊದಲೇ ಅವರೇ ಹೇಳಿದರು. ಅವರ ವಂಶದ ಹಿರಿಯ ಪೂವಪ್ಪ ಸಾವಿರದ ಎಂಟುನೂರ ಮೂವತ್ತೇಳರಲ್ಲಿ ಕಂಪನಿ ಸರ್ಕಾರದ ಮೇಲೆ ದಂಡೆತ್ತಿ ಹೋದವರ ಜೊತೆ ಘಟ್ಟ ಇಳಿದವನು. ಆ ರೈತರು ಮಂಗಳೂರು ಹಿಡಿದು ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಆಳಿದ್ದರು. ಮುಂದಿನ ವಾರ ಊರ ರಸ್ತೆಯಲ್ಲಿ ಪೂವಪ್ಪನ ಹೆಸರಿನ ದ್ವಾರದ ಉದ್ಘಾಟನೆ. ಸಮಿತಿಗೆ ಕುಶಾಲಪ್ಪನವರೇ ಅಧ್ಯಕ್ಷರು.

“ಅದಕ್ಕೆ ಭಾಷಣ ಮಾಡ್ಲಿಕ್ಕೆ ಮೇಷ್ಟ್ರನ್ನು ಕರೆದಿದ್ದೆ. ಅದೇ ಮಾತಾಡಿದ್ದು.”

“ಅವರ ಮನೆಗೆ ಹೋಗಿದ್ದಿರಾ?”

“ಇಲ್ಲ. ಅವರೇ ಎರಡು ಸಲ ನಮ್ಮಲ್ಲಿಗೆ ಬಂದಿದ್ರು. ಅವರ ಮನೆ ಮೆಟ್ಟಿಲು ನಾನು ಈವರೆಗೆ ಹತ್ತಿದವನಲ್ಲ.”

“ಅವರ ಕಪಾಟಿನಿಂದ ಒಂದು ಡಬ್ಬ ಕಾಣೆಯಾಗಿದೆ. ಕಾಗದಪತ್ರ ಇದ್ದದ್ದು.”

ಕುಶಾಲಪ್ಪ ತಲೆ ಅಲ್ಲಾಡಿಸಿದರು. “ಅನ್ಯಾಯ ಮೇಡಂ. ಮೈಸೂರಿನದ್ದೋ ಕೊಡಗಿನದ್ದೋ ಹೋಗಿದ್ರೆ ಬೇರೆ ಕಡೆ ಸಿಗ್ತಿತ್ತು. ಹೋಗಿ ಹೋಗಿ ಮಂಗಳೂರಿನ ಡಬ್ಬವೇ ಹೋಯ್ತಲ್ಲ. ಇನ್ನು ಪುಸ್ತಕ ಹೇಗೆ ಬರೀತಾರೆ?”

ವಿನುತಾ ನೋಟ್‌ಬುಕ್ ತೆರೆದಳು. ಪ್ರಶ್ನೆ ಚಿಹ್ನೆಯ ಪಕ್ಕ ‘ಮಂಗಳೂರು’ ಎಂದು ಬರೆದಳು. ಒಂದಾದರೂ ಸರಿಹೋಯಿತಲ್ಲ ಎಂದು ಸಮಾಧಾನವಾಯಿತು.

ಒಳಗೆ ಮೇಷ್ಟ್ರು ಮತ್ತದೇ ಹೇಳಿದರು. ಮೈಕಾಲ. ಕೊಡಿ.

“ಮೈಕಲ್ ಅವರ ಪುಸ್ತಕ ಅವರಿಗೆ ಕೊಟ್ಟೆವು ಮೇಷ್ಟ್ರೇ.”

ಅವರು ಸಿಟ್ಟಿನಿಂದ ಮಂಚದ ಪಟ್ಟಿಗೆ ಅಂಗೈ ಬಡಿದರು. ಪಾಠ ತಲೆಗೆ ಹೋಗದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

* * *

ಉಳಿದದ್ದು ಹಸನಬ್ಬ. ಮಂಗಳವಾರ ಬೆಳಗ್ಗೆ ವಿನುತಾ ಸಂತೆಬೀದಿಗೆ ಹೋದಳು. ಅಂಗಡಿಯ ತುಂಬ ಒಣಸಿಗಡಿಯ ವಾಸನೆ. ಗಡ್ಡ ನೆರೆತ ಹಸನಬ್ಬ ಫೋನಿನಲ್ಲಿ ಗಟ್ಟಿಯಾಗಿ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದರು. ಮೀನಿನ ಲಾರಿ ವಿಷಯವಿರಬೇಕು. ವಿನುತಾಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಒಂದು ಶಬ್ದದ ಹೊರತು.

ಮೈಕಾಲ.

ಫೋನ್ ಇಡುವವರೆಗೂ ಅವಳಿಗೆ ತಡೆಯಲಾಗಲಿಲ್ಲ. “ಯಾರು ಆ ಮೈಕಲ್?”

“ಯಾವ ಮೈಕಲ್?”

“ಈಗ ನೀವೇ ಹೇಳಿದಿರಲ್ಲ. ಮೈಕಾಲ ಅಂತ.”

ಹಸನಬ್ಬ ನಕ್ಕರು. “ಅದು ಜನ ಅಲ್ಲ ಮೇಡಂ, ಊರು. ಮಂಗಳೂರು. ನಾವು ಬ್ಯಾರಿಗಳು ಮಂಗಳೂರಿಗೆ ಮೈಕಾಲ ಅಂತ ಹೇಳುದು.”

ವಿನುತಾ ಅಲ್ಲೇ ಇದ್ದ ಮೀನಿನ ಬುಟ್ಟಿಯ ಅಂಚಿಗೆ ಕೈ ಊರಿದಳು.

“ಬೇರೆ ಹೆಸರು ಇದೆಯಾ?”

“ಎಷ್ಟು ಬೇಕು? ತುಳುವರು ಕುಡ್ಲ ಅಂತಾರೆ. ಕೊಂಕಣಿಯವರಿಗೆ ಕೊಡಿಯಾಲ. ಕನ್ನಡದಲ್ಲಿ ಮಂಗಳೂರು. ಹಳೇ ಬಂದರಲ್ವಾ? ಅರಬರು ಬಂದ್ರು, ಫರಂಗಿಯವರು ಬಂದ್ರು, ಗುಜರಾತಿಗಳು ಬಂದ್ರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ಮೇಷ್ಟ್ರು ಡಬ್ಬ ಇಟ್ಟದ್ದೂ ಹಾಗೇ. ಯಾರ ಭಾಷೆಯ ಕಾಗದವೋ ಆ ಭಾಷೆಯ ಹೆಸರು. ನಮ್ಮ ಅಜ್ಜ ಬರೆದಿಟ್ಟ ಪುಸ್ತಕ ಮೈಕಾಲ ಡಬ್ಬದಲ್ಲಿ ಉಂಟು. ಇಂಗ್ಲಿಷ್, ಕನ್ನಡ ಸರ್ಕಾರಿ ಕಾಗದ ಎಲ್ಲ ಮಂಗಳೂರು ಡಬ್ಬದಲ್ಲಿ.”

ಕುಡ್ಲ. ಕೊಡಿಯಾಲ. ಮೈಕಾಲ. ಮಂಗಳೂರು. ಕುಶಾಲನಗರವೂ ಇಲ್ಲ, ಕೊಡಗೂ ಇಲ್ಲ, ಮೈಸೂರೂ ಇಲ್ಲ. ನಾಲ್ಕು ಡಬ್ಬದಲ್ಲೂ ಇದ್ದದ್ದು ಒಂದೇ ಊರು.

“ನಿಮ್ಮ ಅಜ್ಜನ ಪುಸ್ತಕದಲ್ಲಿ ಏನಿದೆ?”

“ಅವರ ಅಜ್ಜ ಬಂದರಿನಲ್ಲಿ ದೋಣಿ ನಡೆಸ್ತಿದ್ದವರು. ಅವರು ಹೇಳಿದ ಕಥೆಗಳು. ಅರಬಿ ಅಕ್ಷರ, ನಮ್ಮ ಭಾಷೆ. ನಾನು ಓದಿ ಹೇಳಿದೆ, ಮೇಷ್ಟ್ರು ಕನ್ನಡದಲ್ಲಿ ಬರ್ಕೊಂಡ್ರು. ಒಂದು ಕಥೆ ಕೇಳಿ ಅವರು ಕುರ್ಚಿಯಿಂದ ಎದ್ದೇ ಬಿಟ್ರು ಮಾರ್ರೆ. ‘ಹಸನಬ್ಬ, ಸಂಪಾಜೆಯವರಿಗೆ ಇದನ್ನು ಕೂಡ್ಲೇ ಕೊಡಬೇಕು’ ಅಂದ್ರು.”

ವಿನುತಾ ಆಗಲೇ ಜೀಪಿನ ಕಡೆ ಓಡುತ್ತಿದ್ದಳು.

* * *

ಮೇಷ್ಟ್ರ ಕೋಣೆಯಲ್ಲಿ ನಿಂತುಕೊಂಡೇ ಅವಳು ‘ಮೈ’ ಡಬ್ಬದ ಕಾಗದಗಳನ್ನು ಓದಿದಳು. ಮೇಷ್ಟ್ರ ದುಂಡಗಿನ ಅಕ್ಷರ. ನಾಲ್ಕು ಹಾಳೆ. ಓದಿ ಮುಗಿಸಿ ಅವನ್ನು ಮಡಚಿಟ್ಟುಕೊಂಡಳು. ಆಮೇಲೆ ತನ್ನ ನೋಟ್‌ಬುಕ್ ತೆರೆದಳು.

“ಜವರಯ್ಯ, ಇಲ್ಲಿ ನೋಡಿ. ಈ ‘ಮಂಗಳೂರು’ ನಾನು ಯಾರ ಬಾಯಿಂದ ಕೇಳಿ ಬರೆದದ್ದು?”

“ಕುಶಾಲಪ್ಪೋರು ಹೇಳಿದ್ದಲ್ವಾ?”

“ನಾನು ಅವರಿಗೆ ಹೇಳಿದ್ದು ಒಂದು ಡಬ್ಬ ಹೋಗಿದೆ ಅಂತ ಮಾತ್ರ. ಯಾವುದು ಅಂತ ನನಗೇ ಗೊತ್ತಿರಲಿಲ್ಲ. ವನಜಮ್ಮನಿಗೂ ಗೊತ್ತಿರಲಿಲ್ಲ.”

“ಮೇಷ್ಟ್ರು ಹೇಳಿರ್ಬೋದು ಮೇಡಂ, ಫೋನಲ್ಲಿ.”

“ಮೇಷ್ಟ್ರು ಹೇಳಿದ್ದರೆ ಮೈಸೂರಿನ ಡಬ್ಬ, ಕೊಡಗಿನ ಡಬ್ಬ ಅಂತ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಯಾಕಂದರೆ ಅಂಥ ಡಬ್ಬಗಳೇ ಇಲ್ಲ. ಈ ಕಪಾಟಿನ ಮುಂದೆ ನಿಂತು, ಈ ಅಕ್ಷರ ನೋಡಿ, ಮನಸ್ಸಿಗೆ ತೋಚಿದ್ದು ಓದಿಕೊಂಡವರು ಮಾತ್ರ ಹಾಗೆ ಹೇಳೋಕೆ ಸಾಧ್ಯ. ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದ್ದಾರೆ.”

ಜವರಯ್ಯ ಕಪಾಟಿನ ಕಡೆ ತಿರುಗಿದ. “ಮನೆ ಮೆಟ್ಟಿಲೇ ಹತ್ತಿಲ್ಲ ಅಂದ್ರು!”

ಬಡಾವಣೆಯ ತಿರುವಿನಲ್ಲಿ ಒಂದು ಪೇಂಟ್ ಅಂಗಡಿ. ಬಾಗಿಲ ಮೇಲೆ ಕ್ಯಾಮೆರಾ ಇತ್ತು. ಭಾನುವಾರ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹಸಿರು ಜೀಪೊಂದು ಬಡಾವಣೆಯ ಒಳಗೆ ಹೋಗಿತ್ತು. ಹತ್ತೂ ಐವತ್ತಕ್ಕೆ ವಾಪಸು ಬಂದಿತ್ತು. ನಂಬರು ಕುಶಾಲಪ್ಪನವರದ್ದು.

* * *

ಸಂಪಾಜೆಯ ಮನೆಯಲ್ಲಿ ಬಾಗಿಲು ತೆರೆದದ್ದು ಕುಶಾಲಪ್ಪನವರ ಹೆಂಡತಿ ಬೆಳ್ಳಮ್ಮ. ಪೊಲೀಸರನ್ನು ನೋಡಿ ಅವರು ಗಾಬರಿಯಾಗಲಿಲ್ಲ. ಕಾಯುತ್ತಿದ್ದವರಂತೆ ಪಕ್ಕಕ್ಕೆ ಸರಿದರು.

“ಎರಡು ದಿನ ಆಯ್ತು, ಅವರು ಊಟ ಮಾಡ್ತಾ ಇಲ್ಲೆ,” ಎಂದರು. “ಮದುವೆಯಾಗಿ ಬಂದಾಗಿಂದ ಬಚ್ಚಲೊಲೆಗೆ ಬೆಂಕಿ ಹಾಕಿದವರಲ್ಲ. ಆಯಿತವಾರ ಬಂದವರೇ ತಾವೇ ಒಲೆ ಹಾಕಿದ್ರು. ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು.”

ಹಂಡೆಯ ಒಲೆಯ ಬೂದಿ ಕೆದಕಿದಾಗ ಸೊಟ್ಟಗಾದ ಡಬ್ಬ ಸಿಕ್ಕಿತು. ಕಪ್ಪಾದ ತಗಡಿನ ಮೇಲೆ ‘ಮಂ’ ಎಂಬ ಅಕ್ಷರ ಅರ್ಧ ಉಳಿದಿತ್ತು.

ಕುಶಾಲಪ್ಪ ಜಗಲಿಯಲ್ಲಿ ಕುಳಿತಿದ್ದರು. ಎದುರಿಗೆ ಉದ್ಘಾಟನೆಯ ಆಮಂತ್ರಣ ಪತ್ರಿಕೆಗಳ ಕಟ್ಟು. ವಿನುತಾ ಕುರ್ಚಿ ಎಳೆದುಕೊಂಡಳು. ಡಬ್ಬವನ್ನು ನಡುವೆ ಇಟ್ಟಳು. ಅವರು ಅದನ್ನು ನೋಡಿದರು. ಸುಳ್ಳು ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

“ಹೊಡೆಯಲಿಕ್ಕೆ ಹೋದದ್ದಲ್ಲ ಮೇಡಂ. ‘ಪೂವಪ್ಪನ ಬಗ್ಗೆ ಒಂದು ಕಾಗದ ಸಿಕ್ಕಿದೆ, ಬನ್ನಿ’ ಅಂತ ಕರೆದ್ರು. ಹೋದೆ. ಕಾಫಿ ಕೊಟ್ಟರು. ಆ ಡಬ್ಬದಿಂದ ಒಂದು ಹಳೇ ಇಂಗ್ಲಿಷ್ ಹಾಳೆ ತೆಗೆದು ಕೈಗೆ ಕೊಟ್ಟರು. ಕಂಪನಿಯ ಆಫೀಸರ್ ಬರೆದದ್ದು. ‘ಸಂಪಾಜೆಯ ಪೂವಪ್ಪ ತಾನಾಗಿ ಬಂದು ಹನ್ನೊಂದು ಜನರ ಹೆಸರು ಹೇಳಿದ್ದಾನೆ. ಅವನನ್ನು ಬಿಟ್ಟುಬಿಡಬೇಕು.’ ಕೆಳಗೆ ಹನ್ನೊಂದು ಹೆಸರು. ಎಲ್ಲ ನಮ್ಮ ಊರಿನವರು.”

ಅವರು ಆಮಂತ್ರಣ ಪತ್ರಿಕೆಗಳ ಕಟ್ಟನ್ನು ಆಚೆ ಸರಿಸಿದರು.

“ದ್ವಾರದ ಮೇಲೆ ವೀರ ಅಂತ ಕೆತ್ತಿಸಿದ್ದೇನೆ. ದ್ರೋಹಿಯ ಮೊಮ್ಮಕ್ಕಳು ಅಂತ ಊರು ಉಗೀತದೆ. ‘ಒಂದು ವಾರ ಸುಮ್ಮನಿರಿ ಮೇಷ್ಟ್ರೇ’ ಅಂತ ಕಾಲು ಹಿಡಿದೆ. ಅವರು ‘ಪೂರ್ತಿ ಕೇಳಿ, ಪೂರ್ತಿ ಕೇಳಿ’ ಅಂತಲೇ ಇದ್ರು. ಏನೂ ಕೇಳುವ ಸ್ಥಿತಿ ನನ್ನದಲ್ಲ. ಡಬ್ಬ ಎತ್ತಿಕೊಂಡು ಹೊರಟೆ. ಅವರು ಬಿಡ್ಲಿಲ್ಲ. ಎಳೆದಾಡಿದೆವು. ಮೇಜಿನ ಮೇಲೆ ಕೈಗೆ ಸಿಕ್ಕಿದ್ದು ಆ ಹಂಚು.”

“ಬೇರೆ ಡಬ್ಬ ಯಾಕೆ ಮುಟ್ಟಲಿಲ್ಲ?”

“ಮೈಸೂರು, ಕೊಡಗು ನನಗೆ ಯಾಕೆ ಬೇಕು ಅಂತ.”

ವಿನುತಾ ಹೇಳಿದಳು. ನಾಲ್ಕು ಹೆಸರು, ಒಂದು ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಅವರು ಆಡಿದ ಮಾತೇ ಅವರನ್ನು ಹಿಡಿದುಕೊಟ್ಟ ಬಗೆ. ಕುಶಾಲಪ್ಪ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

“ಮೇಷ್ಟ್ರು ಮೂರು ದಿನದಿಂದ ಮೈಕಾಲ ಕೊಡಿ ಅಂತಿದ್ದಾರೆ,” ಎಂದಳು. “ಹೊಡೆದದ್ದು ಯಾರು ಅಂತ ನಾನು ಕೇಳಿದೆ. ಅವರು ಅದಕ್ಕೆ ಉತ್ತರ ಹೇಳಲೇ ಇಲ್ಲ. ಮೈಕಾಲ ಡಬ್ಬದಲ್ಲಿ ಇದ್ದದ್ದನ್ನು ನಿಮಗೆ ಕೊಡಿ ಅಂತ ಹೇಳುತ್ತಿದ್ದರು.”

“ಬಂದರಿನ ದೋಣಿಯವನೊಬ್ಬ ಹೇಳಿದ ಕಥೆ ಇದು,” ಎಂದು ಮೇಷ್ಟ್ರ ಹಾಳೆಗಳನ್ನು ಬಿಡಿಸಿ ಅವಳು ಗಟ್ಟಿಯಾಗಿ ಓದಿದಳು. ಬೆಳ್ಳಮ್ಮ ಬಾಗಿಲಿಗೆ ಒರಗಿ ನಿಂತರು.

ಹದಿಮೂರು ದಿನ ಕಳೆದ ಮೇಲೆ ಸಮುದ್ರದ ದಾರಿಯಲ್ಲಿ ಕಂಪನಿಯ ಪಡೆ ಬಂತು. ಘಟ್ಟದವರು ದಿಕ್ಕಾಪಾಲಾದರು. ನಮ್ಮ ದೋಣಿಮನೆಯ ಹಿಂದೆ ಹತ್ತೊಂಬತ್ತು ಜನ ಅಡಗಿದ್ದರು. ದಾರಿಗಳನ್ನೆಲ್ಲ ಕಟ್ಟಿದ್ದರು. ಆಗ ಅವರಲ್ಲೊಬ್ಬ, ಸಂಪಾಜೆಯ ಪೂವಪ್ಪ ಎಂಬವನು, ತಾನೇ ಹೋಗಿ ಸಾಹೇಬರ ಮುಂದೆ ನಿಂತ. ಹನ್ನೊಂದು ಹೆಸರು ಹೇಳಿದ. ಪೂರ್ವಕ್ಕೆ ಕಾಡಿನಲ್ಲಿದ್ದಾರೆ ಎಂದ. ಸಿಪಾಯಿಗಳು ಮೂಡು ದಿಕ್ಕಿಗೆ ಓಡಿದರು. ನಾನು ಹದಿನೆಂಟು ಜನರನ್ನು ದೋಣಿಗೆ ಹತ್ತಿಸಿ ತೆಂಕಣಕ್ಕೆ ದಾಟಿಸಿದೆ. ಆ ಹನ್ನೊಂದು ಜನರನ್ನು ಕಂಪನಿಯವರು ವರ್ಷವಿಡೀ ಹುಡುಕಿದರು. ಸಿಗಲಿಲ್ಲ. ಹೇಗೆ ಸಿಗುತ್ತಾರೆ? ಗುಡ್ಡೆಯ ಜಗಳದಲ್ಲಿ ಸತ್ತು, ನಮ್ಮ ಕೈಯಾರೆ ಮಣ್ಣು ಮಾಡಿದ್ದವರು ಅವರು. ಪೂವಪ್ಪ ಹೇಳಿದ್ದು ಸತ್ತವರ ಹೆಸರು.

ಓದು ನಿಂತಿತು. ರಸ್ತೆಯಲ್ಲಿ ಮಂಗಳೂರಿನ ಬಸ್ಸೊಂದು ಏರು ಹತ್ತುವ ಸದ್ದು.

ಕುಶಾಲಪ್ಪ ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಆಮೇಲೆ ತಲೆ ಎತ್ತಿ ಕೇಳಿದರು. “ಆ ಹನ್ನೊಂದು ಜನರ ಹೆಸರು ಇದರಲ್ಲಿ ಉಂಟಾ?”

“ಇಲ್ಲ. ದೋಣಿಯವನಿಗೆ ನೆನಪಿರಲಿಲ್ಲ. ಇಂಗ್ಲಿಷ್ ಹಾಳೆಯಲ್ಲಿ ಮಾತ್ರ ಇತ್ತು.”

“ನಕಲು?”

“ವನಜಮ್ಮನನ್ನು ಕೇಳಿದೆ. ಆ ಡಬ್ಬಗಳ ಯಾವ ಕಾಗದವನ್ನೂ ಮೇಷ್ಟ್ರು ಆಚೆ ಒಯ್ದು ನಕಲು ಮಾಡಿಸಿಲ್ಲವಂತೆ.”

ಅವರು ಬಚ್ಚಲ ಕಡೆ ನೋಡಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಸತ್ತದ್ದೂ ಯಾರಿಗೂ ತಿಳಿಯದೆ ಹೋದ ಹನ್ನೊಂದು ಜನ ಆ ಒಂದು ಹಾಳೆಯಲ್ಲಿ ಸುಮಾರು ಇನ್ನೂರು ವರ್ಷ ಉಳಿದಿದ್ದರು.

“ಠಾಣೆಗೆ ಹೊರಡೋಣ,” ಎಂದಳು ವಿನುತಾ, ಮೆಲ್ಲಗೆ. ಜವರಯ್ಯ ಅಂಗಳಕ್ಕಿಳಿದು ಜೀಪು ಚಾಲೂ ಮಾಡಿದ.

“ಒಂದು ನಿಮಿಷ ಮೇಡಂ. ಆ ಹಾಳೆ ನಾನು ನೋಡಿದ್ದೇನೆ. ಒಂದೇ ಸಲ, ಆದರೆ ನೋಡಿದ್ದೇನೆ. ಬರ್ಕೊಳ್ತೀರಾ?”

ವಿನುತಾ ಪೆನ್ನು ತೆಗೆದಳು.

“ಮೇಲಿನಮನೆ ಬೆಳ್ಯಪ್ಪ,” ಎಂದರು ಕುಶಾಲಪ್ಪ. “ಅವನ ತಮ್ಮ ಕುಂಞಣ್ಣ. ಕಡವಿನ ಬೀರಣ್ಣ. ಆಮೇಲೆ… ಆಮೇಲೆ ದೊಡ್ಡಯ್ಯ, ಮನೆ ಹೆಸರು ಹೋಯ್ತು.”

ಐದನೆಯವನಿಗಾಗಿ ಅವರು ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಜವರಯ್ಯ ಜೀಪಿನ ಎಂಜಿನ್ ಆರಿಸಿದ. ವಿನುತಾ ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು ಕಾದಳು.